ಮಾವನ ಕೋಟಿನ ಮೇಲೆ ಕತ್ತರಿ

ಬಟ್ಟೆಗೆ ಕತ್ತರಿ ಹಾಕುವ ಮುನ್ನ ದರ್ಜಿ ಒಂದು ಗಳಿಗೆ ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದರು. ಅಳತೆ ನೆನಪಿಸಿಕೊಳ್ಳುತ್ತಿದ್ದಾರೆಂದು ಗಿರಾಕಿಗಳ ಎಣಿಕೆ. ಅವರು ಮಾಡುತ್ತಿದ್ದುದು ಪ್ರಾರ್ಥನೆ. ಕತ್ತರಿಸಿದ್ದು ಮತ್ತೆ ಒಂದಾಗದು ಎಂಬ ಅಂಜಿಕೆ ಅವರಿಗೆ ಕಸುಬಿನಿಂದ ಬಂದದ್ದಲ್ಲ, ತೊಟ್ಟಿಲಿನಿಂದ ಬಂದದ್ದು. ಒಂದೇ ಜನ್ಮ, ಒಂದೇ ದೇಹ, ಲೋಕದ ಕಡೆಯ ದಿನ ಅದೇ ದೇಹ ಸಮಾಧಿಯಿಂದ ಎದ್ದು ನಿಲ್ಲಬೇಕು ಎಂದು ಭಾನುವಾರ ಭಾನುವಾರ ಕಲಿತು ಬೆಳೆದ ಈ ಕ್ರೈಸ್ತ ಮನೆಯ ಮಗ, ಹದಿನೆಂಟು ವರ್ಷ ಹಳೆಯದಾದ ತಮ್ಮ ಕಂದು ಕೋಟನ್ನು ಎರಡು ಸಲ ಒಳಮೈ ಹೊರಮೈ ಮಾಡಿ ಹೊಲಿದುಕೊಂಡು, ಜೇಬಿನ ಸೀಮೆಸುಣ್ಣ ಮುರಿಯದಂತೆ ಎಡಗೈಯನ್ನು ಮೈಗೊತ್ತಿಕೊಂಡೇ ನಡೆಯುತ್ತಿದ್ದರು.

ಮದುವೆಯಾದದ್ದು ಮಾತ್ರ ಹಿಂದೂ ಮನೆಯ ಹುಡುಗಿಯನ್ನು. ಅವಳ ತಾಯಿಯ ಪಾಲಿಗೆ ದೇಹವೆಂದರೆ ಉಡುಪು. ಹಳತಾಯಿತೋ, ಆತ್ಮ ಅದನ್ನು ಕಳಚಿಟ್ಟು ಹೊಸದು ತೊಡುತ್ತದೆ. ಅತ್ತೆ-ಅಳಿಯರಿಗೆ ಜಗಳವೆಂದರೆ ಇದೊಂದೇ.

“ಎಷ್ಟು ಸಲ ಅಂತ ಹುಟ್ಟೋದು ಅತ್ತೆ? ಬೇಜಾರಾಗಲ್ವಾ?”

“ಎಲ್ಲಾ ಒಂದೇ ಸಲಕ್ಕೆ ಸರಿಯಾಗಿ ಮಾಡಿಬಿಡ್ತೀರಾ ಅಳಿಯಂದಿರೇ? ಒಂದು ಕಾಲರನ್ನೇ ಮೂರು ಸಲ ಬಿಚ್ಚಿ ಹೊಲೀತೀರಲ್ಲ!”

ಮಾವ ತೀರಿಕೊಂಡ ವರ್ಷದ ಚಳಿಗೆ ಅತ್ತೆ ಅವರ ಬೂದು ಕೋಟನ್ನು ತಂದು ಅಂಗಡಿಯ ಮೇಜಿನ ಮೇಲಿಟ್ಟರು. “ಅವರು ಬೇರೆ ತೊಟ್ಟಾಯ್ತು. ಇದನ್ನ ಕತ್ತರಿಸಿ ಮೊಮ್ಮಗಳಿಗೊಂದು ಹೊಲಿದುಕೊಡಿ, ಪಾಪ, ನಡುಗ್ತಾಳೆ.”

ದರ್ಜಿಗೆ ಕೈ ಬರಲಿಲ್ಲ. ಬಟ್ಟೆಯ ಬೆನ್ನಿನಲ್ಲಿ ಮಾವನ ಗೂನು ಇನ್ನೂ ಹಾಗೇ ಇತ್ತು. ಗುಂಡಿ ಸಿಕ್ಕಿಲ್ಲ, ಸೂಜಿ ಮುರಿಯಿತು ಎಂದು ಮೂರು ವಾರ ದೂಡಿ, ಕೊನೆಗೆ ಒಂದಿಷ್ಟೂ ಕತ್ತರಿಸದೆ, ಇಡೀ ಕೋಟನ್ನು ಮಡಿಸಿ ಮಡಿಸಿ ಒಳಗೇ ಹೊಲಿದು ನಾಲ್ಕು ವರ್ಷದ ಮಗಳ ಅಳತೆಗೆ ಇಳಿಸಿದರು. ಕಡೆಯ ದಿನ ಹೊಲಿಗೆ ಬಿಚ್ಚಿದರಾಯಿತು, ಮಾವನಿಗೆ ಕೋಟು ಸಿದ್ಧ! ಮಗಳು ತೊಟ್ಟಳು, ಎರಡು ತೋಳೂ ಅಡ್ಡಕ್ಕೆ ನಿಂತವು.

“ಅಪ್ಪಾ, ಕೈ ಕೆಳಗೇ ಬರ್ತಿಲ್ಲ!”

ಅತ್ತೆ ಅಂಚನ್ನು ಹಿಸುಕಿ ನೋಡಿ, ಮಡಿಕೆಗಳನ್ನು ಎಣಿಸಿ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಆಮೇಲೆ ಕತ್ತರಿಯನ್ನು ಅಳಿಯನ ಕೈಗಿಟ್ಟರು. “ನಿಮ್ಮ ದೇವರ ಹತ್ರ ನೀವು ಕ್ಷಮೆ ಕೇಳಿಬಿಡಿ. ನಮ್ಮ ಕಡೆಯ ಪಾಪ ನನಗಿರಲಿ, ಮುಂದಿನ ಜನ್ಮದಲ್ಲಿ ತೀರಿಸ್ಕೋತೀನಿ.”

ದರ್ಜಿ ಕಣ್ಣು ಮುಚ್ಚಿದರು, ಈ ಸಲ ಕೊಂಚ ಹೆಚ್ಚೇ ಹೊತ್ತು. ಕತ್ತರಿ ಆಡಿತು. ಉಳಿದ ಚೂರುಗಳನ್ನು ಮಾತ್ರ ಒಂದೂ ಬಿಡದೆ ಬಿಸ್ಕತ್ತಿನ ಡಬ್ಬಿಗೆ ತುಂಬಿಟ್ಟರು. ಅತ್ತೆ ಕಂಡೂ ಕಾಣದಂತಿದ್ದರು.

ಯಾರ ದೇವರು ದೊಡ್ಡವನೆಂದು ಬೀದಿಯಲ್ಲಿ ಗಂಟಲು ಹರಿದುಕೊಳ್ಳುವ ಮಹಾಶಯರನ್ನು ಕಂಡರೆ ಮೈಯುರಿಯುತ್ತದೆ; ಕತ್ತರಿ ಎತ್ತುವ ಮುನ್ನ ಒಮ್ಮೆಯೂ ಕಣ್ಣು ಮುಚ್ಚಿದವರಲ್ಲ ಅವರು. ಧರ್ಮ ಬದುಕಿರುವುದು ದರ್ಜಿಯಂಥವರಿಂದ: ತಮ್ಮ ನಂಬಿಕೆಯ ಚೂರನ್ನೂ ಎಸೆಯದೆ, ಮಗುವಿನ ತೋಳು ಕೆಳಗಿಳಿಯುವಷ್ಟು ಜಾಗ ಬಿಟ್ಟು ಹೊಲಿಯುವವರಿಂದ.