ಇಲ್ಲಿ ಮಕ್ಕಳಿಲ್ಲ

"ಏಯ್ ಮುಂಡೇರಾ, ಕಿವಿಗೂ ಸಿಮೆಂಟ್ ಮೆತ್ಕೊಂಡಿದೀರೇನ್ರೇ? ಮರಿಗಳ್ನೆಲ್ಲ ಶೆಡ್ಡಿಗೆ ತಳ್ರಿ ಅಂದ್ನಲ್ಲ!"

ಮೇಸ್ತ್ರಿಯ ಕೂಗಿಗೆ ಹೆಂಗಸರು ತಲೆಯ ಮೇಲಿನ ಇಟ್ಟಿಗೆ ಇಳಿಸಿ ಮರಳಿನ ಗುಡ್ಡೆಯತ್ತ ಓಡಿದರು. ಆಡುತ್ತಿದ್ದ ಮಕ್ಕಳನ್ನೂ ಮಲಗಿದ್ದ ಕೂಸುಗಳನ್ನೂ ಬಾಚಿಕೊಂಡು ಸಿಮೆಂಟ್ ಮೂಟೆ ಇಡುವ ತಗಡಿನ ಶೆಡ್ಡಿನ ಬಾಗಿಲಿಗೆ ಬಂದರು. ರಸ್ತೆಯ ತಿರುವಿನಲ್ಲಿ ಲಸಿಕೆಯ ಡಬ್ಬಿ ಹಿಡಿದ ನರ್ಸಮ್ಮ ಬರುತ್ತಿದ್ದಳು.

"ಇಲ್ಲಿ ಮಕ್ಕಳಿದಾವೆ ಅಂತ ಗೊತ್ತಾದ್ರೆ ಕೆಲಸಾನೇ ನಿಲ್ಲಿಸ್ತಾರೆ. ಒಂದು ಕೂಸಿನ ದನಿ ಆಚೆ ಬಂತೋ, ಎಲ್ಲರ ಗಂಟುಮೂಟೆ ರಸ್ತೆಗೆ! ಯಾರು ಕಾಯ್ತೀರಿ ಇವನ್ನ?" ಅವನ ಕಣ್ಣು ಅಕ್ಕತಂಗಿಯರಲ್ಲಿ ದೊಡ್ಡಾಕೆಯ ಮೇಲೆ ನಿಂತಿತು. "ನೀನೇ ಹೋಗು. ಹೇಗೂ ನಿನ್ನ ಮಡಿಲು ಖಾಲಿ ಆಯ್ತಲ್ಲ."

ಹೆಂಗಸರು ಮಕ್ಕಳನ್ನು ಶೆಡ್ಡಿನೊಳಗೆ ಬಿಟ್ಟರು.

ದೊಡ್ಡಾಕೆಯ ಮಗಳು ಹೋದದ್ದು ಹಿಂದಿನ ತಿಂಗಳು. ಗಂಟಲಮಾರಿ. ಮೊದಲು ಜ್ವರ, ಆಮೇಲೆ ಕುತ್ತಿಗೆ ಊದಿತು, ಕುಡಿದ ನೀರು ಮೂಗಿನಲ್ಲಿ ಬಂತು. "ಗಂಟಲುನೋವಿಗೆಲ್ಲ ರಜಾ ಕೊಟ್ರೆ ಛಾವಣಿ ನಿಮ್ಮಪ್ಪ ಹಾಕ್ತಾನೇನೇ?" ಎಂದಿದ್ದ ಮೇಸ್ತ್ರಿ. ಕೊನೆಗೆ ಆಸ್ಪತ್ರೆ ಮುಟ್ಟಿದಾಗ ಡಾಕ್ಟರು ಕೇಳಿದ್ದು ಒಂದೇ ಮಾತು: "ಲಸಿಕೆ ಹಾಕಿಸಿರ್ಲಿಲ್ವೇನಮ್ಮಾ?" ಒಂದು ಕಟ್ಟಡ ಮುಗಿದರೆ ಇನ್ನೊಂದು. ಎಲ್ಲ ಕಟ್ಟಡಕ್ಕೂ ಒಂದು ಗೇಟು, ಗೇಟಿಗೊಬ್ಬ ಮೇಸ್ತ್ರಿ.

ಎಲ್ಲರಿಗಿಂತ ಕೊನೆಗೆ ತಂಗಿ ಚಿಕ್ಕಾಕೆ ತನ್ನ ಎಳೆಗೂಸನ್ನು ಅಕ್ಕನ ಕೈಗಿತ್ತಳು.

"ಈಗಷ್ಟೇ ಮಲಗಿದೆ ಅಕ್ಕಾ. ಹಾಲೂ ಕುಡಿದಿಲ್ಲ. ಎದ್ರೆ..."

"ನಾನಿದೀನಿ ಬಿಡೇ."

ಬಾಗಿಲು ಮುಚ್ಚಿತು. ಒಳಗೆ ಕತ್ತಲು, ಧೂಳು. ಮೂಟೆಗಳ ಮೇಲೆ ಯಾರೋ ತಾಯಿ ಅವಸರದಲ್ಲೂ ತನ್ನ ತಲೆಬಟ್ಟೆಯನ್ನು ಹಾಸಿ ಹೋಗಿದ್ದಳು, ಎಲ್ಲರ ಕೂಸುಗಳಿಗೂ ಆಗುವಷ್ಟು ಅಗಲಕ್ಕೆ. ದೊಡ್ಡಾಕೆ ತಗಡಿನ ಸಂದಿಗೆ ಕಣ್ಣಿಟ್ಟಳು.

"ಇಲ್ಲಿ ಮಕ್ಕಳಿಲ್ಲ ತಾಯಿ. ಈ ಬಿಸಿಲಲ್ಲಿ ಸುಮ್ನೆ ಯಾಕೆ ತೊಂದ್ರೆ ತಗೊಂಡ್ರಿ?" ಮೇಸ್ತ್ರಿಯ ದನಿಯಲ್ಲೀಗ ಬೆಣ್ಣೆ.

"ಹೋದ ತಿಂಗಳು ಇಲ್ಲಿಂದ್ಲೇ ಒಂದು ಮಗು ಆಸ್ಪತ್ರೆಗೆ ಬಂದಿತ್ತಲ್ಲ? ಗಂಟಲಮಾರಿ ಆಗಿ."

"ಅದಾ? ಯಾರೋ ನೆಂಟರ ಮಗು. ಅವ್ರು ಆಗ್ಲೇ ಹೋದ್ರು."

ನೆಂಟರ ಮಗು. ದೊಡ್ಡಾಕೆ ಹಲ್ಲು ಕಚ್ಚಿದಳು.

"ಅದರ ಜೊತೆ ಆಡಿದ ಮಕ್ಕಳಿಗೂ ತಗಲಿರಬಹುದು. ಅವ್ರನ್ನ ನೋಡ್ಬೇಕು, ಲಸಿಕೆ ಹಾಕ್ಬೇಕು." ನರ್ಸಮ್ಮ ಹೆಂಗಸರ ಕಡೆ ತಿರುಗಿದಳು. "ಏನ್ರಮ್ಮಾ, ನಿಮಗ್ಯಾರಿಗೂ ಮಕ್ಕಳಿಲ್ವಾ?"

ಹೆಂಗಸರು ನೆಲ ನೋಡಿದರು. ಚಿಕ್ಕಾಕೆಯ ಎದೆ ಹಾಲು ಸೋರಿ ಅಂಗಿ ಒದ್ದೆಯಾಗಿತ್ತು. ಅವಳು ಒಂದು ಇಟ್ಟಿಗೆಯನ್ನು ಅಡ್ಡ ಹಿಡಿದು ನಿಂತಿದ್ದಳು.

"ಸರಿ ಹಾಗಾದ್ರೆ." ನರ್ಸಮ್ಮ ಡಬ್ಬಿ ಎತ್ತಿಕೊಂಡಳು.

ದೊಡ್ಡಾಕೆ ತಿರುಗಿ ನೋಡಿದಳು. ಒಬ್ಬ ಪುಟ್ಟ ಹುಡುಗಿ ಎರಡೂ ಕೈಯಿಂದ ತನ್ನ ಬಾಯನ್ನು ತಾನೇ ಮುಚ್ಚಿಕೊಂಡು ಕೂತಿದ್ದಳು. ಮಡಿಲಿನ ಕೂಸು ನಿದ್ದೆಯಲ್ಲಿ ತುಟಿ ಚೀಪುತ್ತಿತ್ತು. ದೊಡ್ಡಾಕೆ ಅದರ ಕುತ್ತಿಗೆ ಮುಟ್ಟಿದಳು. ಮೆತ್ತಗಿತ್ತು, ಮಡಿಕೆ ಮಡಿಕೆಯಾಗಿತ್ತು. ಇದೇ ಜಾಗ ತನ್ನ ಮಗಳಿಗೆ ಕಲ್ಲಿನಂತೆ ಊದಿತ್ತು.

ಅವಳ ಬೆರಳು ಕೂಸಿನ ತೊಡೆಗೆ ಹೋಯಿತು. ಚಿವುಟಿದಳು. ಕೂಸು ಮುಲುಕಿತು, ಅಷ್ಟೇ. ಹೊರಗೆ ಗೇಟಿನ ಅಗುಳಿ ಸದ್ದಾಯಿತು. ಈ ಸಲ ಅವಳು ಕಣ್ಣು ಮುಚ್ಚಿ, ಉಗುರಿಟ್ಟು ಚಿವುಟಿದಳು.

ಕೂಸು ಕಿರುಚಿತು. ಅದಕ್ಕೆ ಪಕ್ಕದ ಕೂಸು ಎದ್ದು ಅತ್ತಿತು. ಬಾಯಿ ಮುಚ್ಚಿಕೊಂಡಿದ್ದ ಹುಡುಗಿಯೂ ಕೈ ತೆಗೆದಳು. ತಗಡಿನ ಶೆಡ್ಡಿಗೆ ಶೆಡ್ಡೇ ಅತ್ತಿತು.

ದೊಡ್ಡಾಕೆ ಬಾಗಿಲನ್ನು ಒದ್ದು ಹೊರಬಂದಳು. ಮೈಯೆಲ್ಲ ಸಿಮೆಂಟಿನ ಬಣ್ಣ.

"ಹಡಬೆ ಮುಂಡೆ, ನೀನೇ ಅಳಿಸಿದ್ದು ತಾನೇ?" ಮೇಸ್ತ್ರಿ ನುಗ್ಗಿ ಬಂದ. "ಮಗೂನೂ ಚಿವುಟಿ ತೊಟ್ಟಿಲೂ ತೂಗ್ತೀಯೇನೇ?"

"ಹೂಂ ಕಣೋ, ಚಿವುಟಿದ್ದು ನಾನೇ. ತೊಟ್ಟಿಲು ಎಲ್ಲಿ ಕಟ್ಟಿಸಿದೀಯ ತೋರ್ಸು, ತೂಗ್ತೀನಿ." ಅವಳು ಗೇಟಿನತ್ತ ನಡೆದಳು. "ನರ್ಸಮ್ಮಾ, ಅದು ನೆಂಟರ ಮಗು ಅಲ್ಲ. ನಂದು. ಇವೆಲ್ಲ ಅದರ ಜೊತೆ ಆಡಿದವು."

ಚಿಕ್ಕಾಕೆಯ ಕೈಯಿಂದ ಇಟ್ಟಿಗೆ ಬಿತ್ತು. ಒಬ್ಬೊಬ್ಬರಾಗಿ ಹೆಂಗಸರು ಶೆಡ್ಡಿನತ್ತ ನಡೆದರು.

"ಎಸೆಯೋ ಇವರ ಗಂಟುಗಳ್ನ!" ಮೇಸ್ತ್ರಿ ಕಾವಲಿನವನ ಮೇಲೆ ಕಿರುಚಿದ. ಕಾವಲಿನವನು ಎಸೆಯಲಿಲ್ಲ. ಒಂದೊಂದೇ ಗಂಟನ್ನು ಎತ್ತಿ ತಂದು, ಗೇಟಿನ ಆಚೆ ನೆರಳು ನೋಡಿ ಇಟ್ಟ.

ತಾಯಂದಿರು ತಮ್ಮ ತಮ್ಮ ಗಂಟಿನ ಮೇಲೆ ಕೂತು ಸರದಿ ಕಾದರು. ಇವತ್ತಿನ ರಾತ್ರಿ ಎಲ್ಲಿ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಎಲ್ಲರಿಗಿಂತ ಮೊದಲು ಚಿಕ್ಕಾಕೆ ಕೂಸಿನ ಬಟ್ಟೆ ಸರಿಸಿದಳು. ತೊಡೆಯ ಮೇಲೆ ಉಗುರಿನ ಗುರುತು ಕೆಂಪಗೆ ಎದ್ದಿತ್ತು. ದೊಡ್ಡಾಕೆ ತನ್ನ ಕೈಯನ್ನು ಹಿಂದೆ ಅಡಗಿಸಿಕೊಂಡಳು.

ನರ್ಸಮ್ಮ ಆ ಗುರುತು ನೋಡಿದಳು. ಏನೂ ಕೇಳದೆ ಇನ್ನೊಂದು ತೊಡೆ ಒರೆಸಿದಳು.