ಹಿಂದಿನ ಸೀಟಿನ ಮಾತು ಕೇಳಿಸುವ ಸೈಲೆನ್ಸರ್

ಶಹಾಬಾದಿನ ನಮ್ಮ ಓಣಿಯಲ್ಲಿ ಗಾಡಿ ಇದ್ದವರಿಗೆಲ್ಲ ಒಂದು ತಾಪತ್ರಯ ತಪ್ಪಿದ್ದಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಸೈಲೆನ್ಸರಿಗೆ ತುಕ್ಕು ಹಿಡಿದು ತೂತು ಬೀಳುತ್ತದೆ. ಮೊದಲು ಸಣ್ಣಗೆ ಪುಸುಪುಸು, ಆಮೇಲೆ ಪಟಪಟ, ಕೊನೆಗೆ ಓಣಿಯ ನಾಯಿಗಳೆಲ್ಲ ಎದ್ದು ಬೆನ್ನಟ್ಟುವಷ್ಟು ಗದ್ದಲ. ಆಗ ಗ್ಯಾರೇಜಿಗೆ ಹೋಗಬೇಕು, ಹೊಸದು ಹಾಕಿಸಬೇಕು. ಇದರಲ್ಲೇನು ಕಥೆ ಎನ್ನುತ್ತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಇದು ನನ್ನದೇ ತಪ್ಪಿನ ಕಥೆ. ಅದನ್ನು ಮೊದಲೇ ಒಪ್ಪಿಕೊಂಡು ಹೇಳುತ್ತೇನೆ.

ನನ್ನ ಹೆಸರು ಅಂಬರಾಯ. ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಮಷೀನಿನ ಹತ್ತಿರ ಆಳುಗಳ ಮೇಲ್ವಿಚಾರಕ, ಅಂದರೆ ಮುಕಾದಮನಾಗಿದ್ದೆ. ೧೯೯೮ರ ಮಾತು. ಆಗ ನನ್ನ ಹತ್ತಿರ ಒಂದು ಹಳೆಯ ಬುಲೆಟ್ ಗಾಡಿ ಇತ್ತು. ಹಿಂದೆ ಕ್ಯಾರಿಯರ್, ಎರಡೂ ಬದಿಗೆ ತಗಡಿನ ಪೆಟ್ಟಿಗೆ, ಹಿಂದೆ ಕೂತವರಿಗೆ ಸೊಂಟ ನೋಯದಂತೆ ದಪ್ಪ ಸೀಟು. ದೂರದ ಊರುಗಳಿಗೆ ಹೋಗಲೆಂದೇ ಹಾಗೆ ಕಟ್ಟಿಸಿಕೊಂಡಿದ್ದೆ. ತಿಂಗಳಿಗೊಮ್ಮೆಯಾದರೂ ನಾನು, ನನ್ನ ಹೆಂಡತಿ ಜಗದೇವಿ ಗಾಡಿ ಹತ್ತಿ ಹೊರಡುತ್ತಿದ್ದೆವು. ತುಳಜಾಪುರ, ಪಂಢರಪುರ, ಒಮ್ಮೆ ಶ್ರೀಶೈಲಕ್ಕೂ ಹೋಗಿ ಬಂದಿದ್ದೆವು.

ನಮ್ಮ ಭಕ್ತಿ ನೋಡಿ ಓಣಿಯವರು ಕೈ ಮುಗಿಯುತ್ತಿದ್ದರು. ನಿಜ ಹೇಳಬೇಕೆಂದರೆ ನಾವು ಹೋಗುತ್ತಿದ್ದುದು ಮಾತಾಡಲಿಕ್ಕೆ. ನಮ್ಮದು ಎರಡು ಕೋಣೆಯ ಮನೆ. ಅವ್ವ, ಅಣ್ಣ, ಅತ್ತಿಗೆ, ಅವರ ಮಕ್ಕಳು, ನಾವಿಬ್ಬರು. ಹಿರಿಯರ ಎದುರು ಸೊಸೆ ಗಂಡನ ಜೊತೆ ಬಾಯಿಬಿಟ್ಟು ಮಾತಾಡುವ ರೂಢಿ ನಮ್ಮಲ್ಲಿ ಇರಲಿಲ್ಲ. ಅಷ್ಟು ಸಣ್ಣ ಮನೆಯಲ್ಲಿ ಹಿರಿಯರಿಲ್ಲದ ಜಾಗವಾದರೂ ಎಲ್ಲಿದೆ? ಮಲಗುವಾಗಲೂ ಹೆಂಗಸರು ಒಳಗೆ, ಗಂಡಸರು ಅಂಗಳದಲ್ಲಿ. ಜಗದೇವಿಗೆ ಏನು ಬೇಕು, ಏನು ಬೇಡ ಎಂಬುದೆಲ್ಲ ನನಗೆ ತಿಳಿಯುತ್ತಿದ್ದುದು ಗಾಡಿಯ ಮೇಲೆಯೇ. ಊರ ಗಡಿ ದಾಟಿದ ಕೂಡಲೇ ಶುರು ಮಾಡುತ್ತಿದ್ದಳು. ಗಾಡಿ ತನ್ನ ಪಾಡಿಗೆ ಡುಗುಡುಗು ಎನ್ನುತ್ತಿತ್ತು, ಅವಳ ಮಾತು ನನ್ನ ಕಿವಿಗೆ ನೆಟ್ಟಗೆ ಬೀಳುತ್ತಿತ್ತು. ನಗುತ್ತಿದ್ದಳು, ಸಿಟ್ಟಾಗುತ್ತಿದ್ದಳು, ಕೆಲವೊಮ್ಮೆ ಅಳುತ್ತಿದ್ದಳು.

ಆ ವರ್ಷ ಮಳೆ ಮುಗಿದ ಮೇಲೆ ಗಾಡಿಯ ಸೈಲೆನ್ಸರ್ ಪೂರಾ ತುಕ್ಕು ತಿಂದುಹೋಯಿತು. ಗುಲಾಮ್ ರಸೂಲನ ಗ್ಯಾರೇಜಿಗೆ ಒಯ್ದೆ. ಇಪ್ಪತ್ತು ವರ್ಷದಿಂದ ಗಾಡಿ ರಿಪೇರಿ ಮಾಡುತ್ತಿದ್ದವನು, ಕೈ ಶುದ್ಧ, ಮಾತೂ ಶುದ್ಧ. ಅವನು ಎರಡು ಸೈಲೆನ್ಸರ್ ತಂದು ಮುಂದಿಟ್ಟ. ಒಂದು ಉದ್ದನೆಯದು, ಭಾರದ್ದು. ಇನ್ನೊಂದು ಗಿಡ್ಡದು, ಹೊಳೆಯುವುದು, ಹೈದರಾಬಾದಿನಿಂದ ಬಂದದ್ದು. ನನ್ನ ಕಣ್ಣು ಗಿಡ್ಡದರ ಮೇಲೇ ಬಿತ್ತು.

"ಇದರಾಗ ದಮ್ ಭಾಳ ಇರ್ತದಂತಲ್ಲ ರಸೂಲ್ ಭಾಯ್?" ಎಂದೆ.

"ದಮ್ ಎಲ್ಲೀದು? ಇದು ಖಾಲಿ ಡಬ್ಬಿ ಅದ. ತಗೊಂಡು ನೋಡ್ರಿ" ಎಂದು ಅದನ್ನು ನನ್ನ ಕಣ್ಣಿಗೆ ಹಿಡಿದ. ಈ ತುದಿಯಿಂದ ನೋಡಿದರೆ ಆ ತುದಿಯ ಬೆಳಕು ಕಾಣುತ್ತಿತ್ತು. "ಒಳಗ ಏನೂ ಇಲ್ಲ. ಈ ಉದ್ದಂದು ಕಂಪನಿ ಮಾಲು. ಒಳಗ ತೂತಿನ ಪೈಪು, ನಡುನಡುವ ತಗಡಿನ ಗ್ವಾಡಿ ಅವ. ಇಂಜಿನ್ ಸಪ್ಪಳ ಅಲ್ಲಿ ಬಡದು ಬಡದು ಸಣ್ಣಾಗಿ ಹೊರಗ ಬರ್ತದ. ನಿಮ್ಮದು ಲಾಂಗ್ ಹೋಗೋ ಗಾಡಿ ಮುಕಾದಮ್ ಸಾಬ್. ಊರಾಗ ಹತ್ತು ನಿಮಿಷ ಆ ಸಪ್ಪಳ ಕೇಳೂದು ಬ್ಯಾರೆ, ರಸ್ತಾದ ಮ್ಯಾಲ ನಾಕು ತಾಸು ಕೇಳೂದು ಬ್ಯಾರೆ."

"ಹಾಕಿ ತೋರಸು. ಕೇಳಿ ನೋಡ್ತೀನಿ."

ಇಲ್ಲಿಯೇ ನಾನು ಎಡವಿದ್ದು. ಗ್ಯಾರೇಜಿನ ಎದುರಿಗೇ ಕಲ್ಲು ಕೊಯ್ಯುವ ಎರಡು ಮಷೀನು ಕಿರ್ರೆಂದು ಓಡುತ್ತಿದ್ದವು. ನಮ್ಮ ಊರಲ್ಲಿ ಗಾಡಿಯ ಸದ್ದು ಪರೀಕ್ಷೆ ಮಾಡುವುದು ಹಾಗೆಯೇ. ಮಷೀನಿನ ಗದ್ದಲದ ನಡುವೆಯೂ ಗಾಡಿಯ ಸದ್ದು ಎದ್ದು ಕೇಳಿಸಿದರೆ ಗಾಡಿ ಗಟ್ಟಿ ಎಂದು ಅರ್ಥ. ಉದ್ದನೆಯದನ್ನು ಹಾಕಿ ಚಾಲೂ ಮಾಡಿದಾಗ ಮಷೀನಿನ ಸದ್ದಿನಲ್ಲಿ ಅದು ಕೇಳಿಸಲೇ ಇಲ್ಲ. ಗಿಡ್ಡದನ್ನು ಹಾಕಿದಾಗ ಹದವಾಗಿ ಕೇಳಿಸಿತು. ಪಕ್ಕದ ಹೋಟೆಲಿನಿಂದ ನನ್ನ ಗೆಳೆಯ ವಿಠೋಬಾ ಎದ್ದು ಬಂದು, "ವಾಹ್! ಈಗ ಗಾಡಿ ಗಾಡಿ ಆಯ್ತು ನೋಡಪ್ಪ" ಎಂದ. ನನ್ನ ಎದೆ ಉಬ್ಬಿತು.

ರಸೂಲ್ ತಲೆ ಅಲ್ಲಾಡಿಸಿದ. "ಹಿಂಗ ನೋಡಬ್ಯಾಡ್ರಿ. ಹನ್ನೆರಡು ವರ್ಸ ಮಷೀನಿನ ಬಾಜೂಕ ನಿಂತ ಕಿವಿ ನಿಮ್ಮದು. ಅದರ ಗವಾಹಿ, ಸಾಕ್ಷಿ ನಡಿಯಂಗಿಲ್ಲ. ಊರ ಹೊರಗ ಒಯ್ದು, ಭಾಭಿಗಿ ಹಿಂದ ಕೂಡಿಸಿ ಕೇಳ್ರಿ. ಹಿಂದ ಕೂತವರಿಗಿ ಕೇಳಬೇಕು, ಓಡಸವರಿಗಿ ಅಲ್ಲ."

"ಸೈಲೆನ್ಸರ್ ತಗೊಳ್ಳಾಕ ಹೆಂಗಸರಿಗಿ ಕೇಳಂತೀಯೇನು?" ಎಂದು ನಕ್ಕೆ. ವಿಠೋಬಾನೂ ನಕ್ಕ. ರಸೂಲ್ ನಗಲಿಲ್ಲ. ಸುಮ್ಮನೆ ಕೂತು ನಟ್ಟು ಬಿಗಿದ.

ಮನೆ ಮುಂದೆ ಗಾಡಿ ನಿಲ್ಲಿಸಿದಾಗ ನನ್ನ ಅವ್ವ ಹಣಮಮ್ಮ ಹೊರಗೆ ಬಂದು, "ಏನಪಾ, ಗಾಡಿ ಬಂತೋ ಕಲ್ಲಿನ ಮಷೀನೇ ಮನಿಗಿ ಬಂತೋ?" ಎಂದಳು. ಜಗದೇವಿ ಬಾಗಿಲ ಸಂದಿಯಿಂದ ನೋಡಿದಳು. ಹಿರಿಯರ ಎದುರು ಏನೂ ಅನ್ನುವಂತಿರಲಿಲ್ಲ, ಅನ್ನಲಿಲ್ಲ.

ಮುಂದಿನ ವಾರ ಇಬ್ಬರೂ ಮಳಖೇಡಕ್ಕೆ ಹೋದೆವು. ಅಲ್ಲಿ ಅತ್ತಿಗೆಯ ತವರು, ಒಂದು ಮದುವೆ ಮಾತುಕತೆ ಇತ್ತು. ಹೋಗುವಾಗ ಜಗದೇವಿ ಬೆನ್ನ ಹಿಂದೆ ಏನೋ ಹೇಳುತ್ತಿದ್ದಳು. ಗಾಡಿಯ ಸದ್ದು, ಎದುರು ಗಾಳಿ, ಎರಡೂ ಸೇರಿ ನನಗೆ ಒಂದು ಅಕ್ಷರ ಕೇಳಿಸಲಿಲ್ಲ. ಕೇಳಿಸಲಿಲ್ಲ ಎಂದರೆ ಸೈಲೆನ್ಸರ್ ಕೆಟ್ಟದ್ದು ಎಂದು ಒಪ್ಪಿಕೊಂಡಂತೆ. ಅದಕ್ಕೆ "ಹೂಂ" ಎಂದೆ. ಒಮ್ಮೆ ಹೂಂ ಎಂದ ಮೇಲೆ ಅದೇ ಚಟವಾಯಿತು. ಅವಳು ಹೇಳುವುದು, ನಾನು ಜೋರಾಗಿ ತಲೆ ಅಲ್ಲಾಡಿಸುವುದು.

ಬರುವಾಗ ಚಿತ್ತಾಪುರ ದಾಟಿದ ಮೇಲೆ ಅವಳು ನನ್ನ ಭುಜದ ಮೇಲೆ ಕೈಯಿಟ್ಟು ಬಹಳ ಹೊತ್ತು ಮಾತಾಡಿದಳು. ಕನ್ನಡಿಯಲ್ಲಿ ಅವಳ ತುಟಿ ಅಲ್ಲಾಡುವುದು ಕಾಣುತ್ತಿತ್ತು. ಅವಳು ಹೇಳಿದ್ದೇನೆಂದು ನನಗೆ ಹತ್ತು ಹನ್ನೆರಡು ದಿನ ತಿಳಿಯಲಿಲ್ಲ. ನಿಮಗೆ ಈಗಲೇ ಹೇಳಿಬಿಡುತ್ತೇನೆ.

"ರೀ, ನಾಯನಗ ತಬ್ಯತ್ ಭಾಳ ಬಿಗಡಾಯಿಸ್ಯಾದಂತ. ಊಟ ಬಿಟ್ಟಾನಂತ. ನಮ್ಮೂರಾಕಿ ನಳದ ಹತ್ರ ಸಿಕ್ಕು ಹೇಳಿದಳು. ನನ್ನ ಹೆಸರ ತಗೊಂಡು ಕರೀಲಿಕತ್ತಾನಂತ. ಬರೋ ಐತವಾರ ಕರಕೊಂಡು ಹೋಗ್ರಿ. ಅತ್ತೀಗಿ ನಾ ಹ್ಯಾಂಗ ಕೇಳ್ಲಿ? ನೀವೇ ಕೇಳ್ರಿ. ಕೇಳ್ತೀರಿಲ್ಲ?"

ಜಗದೇವಿಯ ತವರು ಕುಂಚಾವರಂ ಹತ್ತಿರದ ಒಂದು ಸಣ್ಣ ಹಳ್ಳಿ. ಅಲ್ಲಿ ಅಪ್ಪನಿಗೆ ನಾಯನ ಎನ್ನುತ್ತಾರೆ. ಅವಳು ಇಷ್ಟನ್ನೂ ಹೇಳಿ ನನ್ನ ಉತ್ತರಕ್ಕೆ ಕಾದಳು. ನಾನು ಹೂಂ ಎಂದೆ. ಅವಳು ನನ್ನ ಭುಜವನ್ನು ಸ್ವಲ್ಪ ಒತ್ತಿ ಕೈ ತೆಗೆದಳು. ಅಷ್ಟಕ್ಕೇ ಅವಳಿಗೆ ಸಮಾಧಾನವಾಗಿತ್ತು.

ಐತವಾರ, ಅಂದರೆ ಭಾನುವಾರ, ಬೆಳಿಗ್ಗೆ ವಿಠೋಬಾ ಬಂದ. "ನಡಿ, ಕಾಳಗಿತನಾ ಹೋಗಿ ಬರಮಿ. ಗಾಡಿ ಸಪ್ಪಳ ನಾಕು ಮಂದಿ ಕೇಳ್ಲಿ" ಎಂದ. ಹೊರಟೆ. ಜಗದೇವಿ ಒಳ್ಳೆಯ ಸೀರೆ ಉಟ್ಟು, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಗುಡಿಗೆ ಹೊರಟಿರಬೇಕು ಎಂದುಕೊಂಡೆ. ಅವಳ ಮುಖ ನೋಡಲಿಲ್ಲ. ಕಾಳಗಿಯಲ್ಲಿ ಚಹಾ ಕುಡಿದು, ನಾಲ್ಕು ಸಲ ಬಜಾರಿನಲ್ಲಿ ಗಾಡಿ ಓಡಿಸಿ ವಾಪಸು ಬಂದೆವು. ಅವಳ ತವರಿನ ದಾರಿ ಅದೇ. ಅರ್ಧ ದಾರಿ ಹೋಗಿ ತಿರುಗಿ ಬಂದಿದ್ದೆ, ಅವಳನ್ನು ಮನೆಯಲ್ಲಿ ಬಿಟ್ಟು.

ಅವಳು ಮತ್ತೆ ಕೇಳಲಿಲ್ಲ. ಅತ್ತೆ ಬೇಡ ಎಂದಿರಬೇಕು, ಅದನ್ನು ನನಗೆ ಹೇಳಲಾಗದೆ ಇವರು ಮುಖ ತಪ್ಪಿಸುತ್ತಿದ್ದಾರೆ ಎಂದುಕೊಂಡಳು. ಅತ್ತೆ ಬೇಡ ಎಂದ ಮೇಲೆ ಎರಡನೇ ಸಲ ತವರಿನ ಮಾತೆತ್ತುವುದು ನಮ್ಮಲ್ಲಿ ದೊಡ್ಡ ಅವಮಾನ. ಸುಮ್ಮನೆ ರೊಟ್ಟಿ ಬಡಿದಳು, ನೀರು ತಂದಳು. ನಾನು ಹೊಸ ಸೈಲೆನ್ಸರ್ ಒರೆಸುತ್ತಿದ್ದೆ.

ಮುಂದಿನ ಗುರುವಾರ ಎಸ್‌ಟಿಡಿ ಬೂತಿನವನು ಕರೆಯಲು ಬಂದ. ಫೋನಿನಲ್ಲಿ ಅವಳ ತಮ್ಮ ಖಂಡೆಪ್ಪ. "ಭಾವ, ನಾಯನ ಹೋದ" ಎಂದ. ಅಷ್ಟೇ ಅಂದ.

ಜಗದೇವಿಯನ್ನು ಕೂಡಿಸಿಕೊಂಡು ಅದೇ ಗಾಡಿಯಲ್ಲಿ ಹೋದೆ. ಚಿಂಚೋಳಿ ದಾಟಿ ಕಾಡಿನ ದಾರಿ ಹಿಡಿದರೂ ಹಿಂದಿನಿಂದ ಒಂದು ಮಾತಿಲ್ಲ. ಅವಳು ಅಳುತ್ತಿದ್ದಳೋ ಇಲ್ಲವೋ, ಆ ಸದ್ದಿನಲ್ಲಿ ನನಗೆ ಅದೂ ಗೊತ್ತಾಗಲಿಲ್ಲ. ಹಳ್ಳಿಯ ಹತ್ತಿರ ಬಂದಾಗ ಮನೆ ಮುಂದೆ ಕೂತ ಮಂದಿಯೆಲ್ಲ ತಿರುಗಿ ನೋಡಿದರು. ಸಾವಿನ ಮನೆಗೆ ಬಾಜಾ ಬಜಂತ್ರಿ ತಂದಂತಾಗಿತ್ತು. ನಾಚಿಕೆಯಾಗಿ ಇಂಜಿನ್ ಬಂದ್ ಮಾಡಿದೆ. ಅಲ್ಲಿಂದ ಗಾಡಿಯನ್ನು ತಳ್ಳಿಕೊಂಡೇ ಹೋದೆ. ಜಗದೇವಿ ಮುಂದೆ ಓಡಿದಳು.

ಮರುದಿನ ಖಂಡೆಪ್ಪ ನನ್ನನ್ನು ಹಿತ್ತಿಲಿಗೆ ಕರೆದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಐತವಾರ ಅಕ್ಕ ಬರ್ತಾಳಂತ ನಾಯನಗ ಹೇಳಿದ್ವಿ ಭಾವ. ಆಕಿ ನಮ್ಮೂರಾಕಿ ಕೈಲಿ ಸುದ್ದಿ ಕಳಿಸಿದ್ದಳಲ್ಲ. ಹಗಲೆಲ್ಲ ಬಾಕಲ ಕಡೀಗೆ ಮಾರಿ ಮಾಡಿ ಮಲಗಿದ್ದ. ಸಂಜೀಕ ಗ್ವಾಡಿ ಕಡೀಗೆ ಹೊಳ್ಳಿದ. ಆಮ್ಯಾಲ ಯಾರ ಜೋಡಿನೂ ಮಾತಾಡ್ಲಿಲ್ಲ" ಎಂದ.

ನನಗೆ ಏನೂ ತಿಳಿಯಲಿಲ್ಲ. ಜಗದೇವಿಯ ಹತ್ತಿರ ಹೋಗಿ, "ನನಗ ಒಂದು ಮಾತು ಹೇಳಬಾರದಿತ್ತೇನು?" ಎಂದೆ.

ಅವಳು ನನ್ನನ್ನೇ ನೋಡಿದಳು. "ಹೇಳಿದ್ನಲ್ಲರೀ. ಚಿತ್ತಾಪುರ ದಾಟಿದ ಮ್ಯಾಲ ಎಲ್ಲಾ ಹೇಳಿದ್ದೆ. ನೀವು ಹೂಂ ಅಂದ್ರಿ."

"ನನಗ ಕೇಳಿಸಿರ್ಲಿಲ್ಲ."

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಅಂದಳು: "ಕೇಳಿಸಿಲ್ಲಂದ್ರ ಕೇಳಿಸಿಲ್ಲ ಅನ್ನಬೇಕಿತ್ತು. ಮತ್ತ ಹೇಳ್ತಿದ್ದೆ. ಹತ್ತು ಸಲ ಹೇಳ್ತಿದ್ದೆ. ನಾ ಸುಮ್ಮ ಸುಮ್ಮನ ಅತ್ತೀ ಮ್ಯಾಲ ಸಿಟ್ಟ ಇಟ್ಟುಕೊಂಡು ಕುಂತೆ."

ಊರಿಗೆ ಬಂದ ಮೇಲೆ ಅವ್ವನಿಗೆ ಎಲ್ಲ ಹೇಳಿದೆ. ಅವ್ವ ಹಣೆ ಬಡಿದುಕೊಂಡಳು. "ನನಗ ಯಾರು ಕೇಳಿದ್ರೋ? ಕೇಳಿದ್ದರ ಅವತ್ತೇ ನಾನೇ ಬಸ್ಸಿಗಿ ಕೂಡಿಸಿ ಕಳಸ್ತಿದ್ದೆ. ನನಗೂ ಒಬ್ಬ ಅಪ್ಪ ಇದ್ದನೋ" ಎಂದು ಅತ್ತಳು. ಆಮೇಲೆ ಜಗದೇವಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು, "ಇನ್ನ ಮ್ಯಾಲ ಏನಿದ್ರೂ ನನ್ನ ಎದುರೇ ಹೇಳವ್ವ. ಇವನಿಗೂ ಎದುರೇ ಹೇಳು. ಮರ್ಯಾದಿ ಹೋಗೂದಾದ್ರ ಹೋಗ್ಲಿ" ಎಂದಳು. ಅಣ್ಣ ಕೆಳಗೆ ನೋಡುತ್ತ ಹೂಂ ಎಂದ. ನಮ್ಮ ಮನೆಯಲ್ಲಿ ಆ ರೂಢಿ ಅಂದೇ ಮುಗಿಯಿತು. ಅದಕ್ಕಾಗಿ ತೆತ್ತ ಬೆಲೆ ಮಾತ್ರ ನಮ್ಮದಾಗಿರಲಿಲ್ಲ. ಅದನ್ನು ತೆತ್ತವನು ಬಾಗಿಲ ಕಡೆ ನೋಡುತ್ತ ಮಲಗಿದ್ದ ಆ ಮುದುಕ.

ಗ್ಯಾರೇಜಿಗೆ ಹೋಗಿ ಗಿಡ್ಡ ಸೈಲೆನ್ಸರ್ ತೆಗೆಸಿದೆ. "ನಾ ಮೊದಲೇ ಹೇಳಿದ್ದೆ" ಎಂದು ರಸೂಲ್ ಅನ್ನಲಿಲ್ಲ. ಉದ್ದನೆಯದನ್ನು ಹಾಕಿ, ತಾನೇ ಹಿಂದೆ ಕೂತು, ವಾಡಿ ರಸ್ತೆಯಲ್ಲಿ ಮಷೀನಿನ ಸದ್ದು ಕೇಳಿಸದಷ್ಟು ದೂರ ನನ್ನಿಂದ ಓಡಿಸಿಕೊಂಡು ಹೋದ. ಅಲ್ಲಿ ಜೋರಾಗಿ ಗಾಡಿ ಓಡಿಸಲು ಹೇಳಿ, ಮನೆಯಲ್ಲಿ ಕೂತು ಮಾತಾಡುವಷ್ಟೇ ದನಿಯಲ್ಲಿ ಹಿಂದಿನಿಂದ ಕೇಳಿದ: "ಮುಕಾದಮ್ ಸಾಬ್, ಭಾಭಿ ಹ್ಯಾಂಗಿದ್ದಾರ?"

ಪ್ರತಿ ಅಕ್ಷರ ಕೇಳಿಸಿತು. ಗಾಡಿ ಬದಿಗೆ ನಿಲ್ಲಿಸಿ ಅತ್ತುಬಿಟ್ಟೆ.

ಈಗ ಎಂಟು ವರ್ಷವಾಯಿತು. ಜಗದೇವಿ ನನ್ನ ಜೊತೆ ಮತ್ತೆ ಊರೂರು ಬರುತ್ತಾಳೆ, ಮಾತೂ ಆಡುತ್ತಾಳೆ. ಆದರೆ ಚಿತ್ತಾಪುರ ದಾಟಿದ ಮೇಲೆ ಇಬ್ಬರೂ ಸ್ವಲ್ಪ ದೂರ ಸುಮ್ಮನಾಗುತ್ತೇವೆ. ಯಾಕೆಂದು ಇಬ್ಬರೂ ಕೇಳುವುದಿಲ್ಲ.

ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಯ ನನ್ನ ಅಣ್ಣತಮ್ಮಂದಿರೇ, ಗಾಡಿ ನಿಮ್ಮದು, ಆಸೆಯೂ ನಿಮ್ಮದು. ಬೇಡ ಎನ್ನಲು ನಾನ್ಯಾರು? ಆದರೆ ಸೈಲೆನ್ಸರ್ ಕೊಳ್ಳುವ ಮುಂಚೆ ಒಮ್ಮೆ ಅದರ ಒಳಗೆ ಇಣುಕಿ ನೋಡಿ. ಈ ತುದಿಯಿಂದ ಆ ತುದಿಗೆ ಆರಪಾರು ಬೆಳಕು ಕಂಡರೆ ಅಲ್ಲೇ ಇಟ್ಟು ಬನ್ನಿ. ಇರುವ ಸೈಲೆನ್ಸರ್ ಒಡೆದು ಸದ್ದು ಹೆಚ್ಚಿಸುವುದು ಕಾಯ್ದೆಗೂ ವಿರುದ್ಧ. ಮಷೀನಿನ ಬಳಿ, ಬಜಾರಿನಲ್ಲಿ, ಗೆಳೆಯರ ಎದುರು ಪರೀಕ್ಷೆ ಮಾಡಬೇಡಿ. ಮನೆಯವರನ್ನು ಹಿಂದೆ ಕೂಡಿಸಿಕೊಂಡು ಊರ ಹೊರಗೆ ನಾಲ್ಕು ಮೈಲಿ ಹೋಗಿ, ಏನಾದರೂ ಹೇಳಲು ಹೇಳಿ. ಅವರು ಕೂಗದೆ ನಿಮಗೆ ಕೇಳಿಸಿತೇ? ಹಾಗಾದರೆ ಅದೇ ನಿಮ್ಮ ಸೈಲೆನ್ಸರ್.

ಅವರ ಮಾತು ಕೇಳಿಸದಿದ್ದರೆ ದಯವಿಟ್ಟು ಹೂಂ ಎನ್ನಬೇಡಿ. ಗಾಡಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಹಿಂದೆ ತಿರುಗಿ, "ಏನಂದಿ?" ಎಂದು ಕೇಳಿ.