ಯಾರೂ ತೊಳೆಯಬೇಡಿ

"ಇದು ನಿಮ್ಮ ಹ್ಯಾಂಡ್‌ರೈಟಿಂಗ್ ತಾನೇ ಸರ್?" ರಂಜಿನಿ ಮೇಜಿನ ಮೇಲಿದ್ದ ಪೊಟ್ಟಣವನ್ನು ದೇವದಾಸರ ಕಡೆಗೆ ತಿರುಗಿಸಿದಳು.

ಹಳದಿಗಟ್ಟಿದ ಪತ್ರಿಕೆಯ ಹಾಳೆ, ಅದರ ಮೇಲೆ ನಾಲ್ಕು ಸುತ್ತು ಬಿಳಿ ನೂಲು. ಮಗ್ಗುಲಲ್ಲಿ ಅಂಟಿಸಿದ ಚೀಟಿಯಲ್ಲಿ ಕನ್ನಡದಲ್ಲಿ ಬರೆದಿತ್ತು: 'ತೊಳೆಯಬೇಡಿ. ಯಾರೂ ತೊಳೆಯಬೇಡಿ. ದೇವದಾಸ್.' ವಿಮಾನ ನಗರದ ಅವರ ಹೋಟೆಲಿನಲ್ಲಿ ಉಪ್ಪಿನಕಾಯಿ ಭರಣಿಗಳ ಮೇಲಿರುವುದೂ ಇದೇ ದುಂಡು ಅಕ್ಷರ. ಅಲ್ಲಗಳೆಯುವಂತಿರಲಿಲ್ಲ.

"ಹೌದು ಮೇಡಂ, ನನ್ನದೇ," ಎಂದರು.

ಹಾಸನದ ರಂಜಿನಿ ಪುಣೆಯ ಈ ಸಂಶೋಧನಾ ಸಂಸ್ಥೆಗೆ ಸೇರಿ ಒಂದು ವರ್ಷವಾಗಿತ್ತು. ಮಧ್ಯಪ್ರದೇಶದ ಬೆಟ್ಟವೊಂದರಲ್ಲಿ, ಚಾಚಿಕೊಂಡ ಬಂಡೆಯ ಕೆಳಗೆ ಆದಿಮಾನವರು ಬದುಕಿದ್ದ ಕಲ್ಲಾಸರೆಯನ್ನು ಮೂವತ್ತೆಂಟು ವರ್ಷದ ಹಿಂದೆ ಶ್ರೀಕಂಠಯ್ಯ ಎಂಬ ಸಂಶೋಧಕರು ಅಗೆದು ತಂದ ವಸ್ತುಗಳನ್ನು ಹೊಸ ಪೆಟ್ಟಿಗೆಗಳಿಗೆ ಸೇರಿಸುವುದು ಅವಳ ಕೆಲಸ. ಹಳೆಯ ಪೆಟ್ಟಿಗೆಗಳನ್ನು ಗೆದ್ದಲು ತಿಂದಿತ್ತು. ಈ ಪೊಟ್ಟಣ ಮಾತ್ರ ಕಟ್ಟಿದ ಹಾಗೇ ಉಳಿದಿತ್ತು. ಉಗ್ರಾಣಕ್ಕೆ ಬಂದುಹೋದ ಯಾರಿಗೂ ಕನ್ನಡ ಓದಲು ಬಾರದೆ, ಏನೋ ಮುಖ್ಯವಾದದ್ದಿರಬೇಕೆಂದು ಹೆದರಿ ಬಿಚ್ಚದೆ ಬಿಟ್ಟಿದ್ದರು.

"ಶ್ರೀಕಂಠಯ್ಯ ಸರ್ ಡೈರಿಲಿ ಒಂದು ಮಾತಿದೆ," ಎಂದು ರಂಜಿನಿ ಹಳೆಯ ಪುಸ್ತಕ ತೆರೆದು ಓದಿದಳು. "'ಒಲೆಯ ಗುಂಡಿಯಲ್ಲಿ ಸಿಕ್ಕ ಇದ್ದಿಲು ಮಳೆಯಲ್ಲಿ ಹೋಯಿತು. ನನ್ನದೇ ಅಜಾಗ್ರತೆ.' ಆ ಇದ್ದಿಲು ಇದ್ದಿದ್ರೆ ಲ್ಯಾಬ್‌ಗೆ ಕಳಿಸಿ, ಆ ಜಾಗ ಎಷ್ಟು ಸಾವಿರ ವರ್ಷ ಹಳೇದು ಅಂತ ಹೇಳ್ಬಹುದಿತ್ತು. ಅದಿಲ್ದೆ ಯಾರೂ ಅವರನ್ನ ಸೀರಿಯಸ್ಸಾಗಿ ತಗೊಳ್ಲಿಲ್ಲ, ರಿಪೋರ್ಟೂ ಪ್ರಿಂಟ್ ಆಗ್ಲಿಲ್ಲ. ನೀವು ಅಲ್ಲಿ ಅಡುಗೆಗೆ ಇದ್ರಲ್ಲ. ಅವತ್ತು ಏನಾಯ್ತು, ನೆನಪಿದ್ಯಾ?"

ಮಳೆ ಬಂದಿತ್ತು ಎಂದು ತಲೆಯಾಡಿಸಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಶ್ರೀಕಂಠಯ್ಯನವರು ತೀರಿಕೊಂಡು ಹನ್ನೊಂದು ವರ್ಷ. ಅವತ್ತು ಅಲ್ಲಿದ್ದವರಲ್ಲಿ ಈಗ ಕೇಳಲು ಸಿಗುವವರು ದೇವದಾಸರೊಬ್ಬರೇ. ಬರುವಾಗ ರಿಕ್ಷಾದಲ್ಲಿ ಅವರು ಅಭ್ಯಾಸ ಮಾಡಿಕೊಂಡು ಬಂದದ್ದೂ ಅದೇ ಉತ್ತರವನ್ನು. ಆದರೆ ಡೈರಿಯ 'ನನ್ನದೇ ಅಜಾಗ್ರತೆ' ಎಂಬ ಮಾತು ಕೇಳಿದ ಮೇಲೆ ಆ ಉತ್ತರ ಹೇಳಲು ಮನಸ್ಸಾಗಲಿಲ್ಲ.

"ಮಳೆಯಲ್ಲಿ ಹೋದದ್ದಲ್ಲ ಮೇಡಂ. ನಾನು ಒಲೆಗೆ ಹಾಕಿದ್ದು."

"ಒಲೆಗಾ?" ರಂಜಿನಿ ಡೈರಿಯಿಂದ ತಲೆಯೆತ್ತಿದಳು.

"ಮೂರು ದಿನ ಬಿಡದೆ ಮಳೆ. ಕಟ್ಟಿಗೆ ಎಲ್ಲ ನೆನೆದು ಚಂಡಿ. ಬೆಳಿಗ್ಗೆ ಎಲ್ಲರಿಗೂ ಕಾಫಿ ಆಗ್ಬೇಕು. ಡೇರೆಯ ಮೂಲೆಯಲ್ಲಿ ಒಂದು ಡಬ್ಬಿ ಇತ್ತು, ಮುಚ್ಚಳ ತೆಗೆದು ನೋಡಿದ್ರೆ ಒಣ ಇದ್ದಿಲು. ದೇವರೇ ಕೊಟ್ಟದ್ದು ಅಂತ ಸುರಿದುಬಿಟ್ಟೆ. ಎಂತ ಹೇಳುವುದು, ನಾನು ಅಡುಗೆಯವ. ನನಗೆ ಇದ್ದಿಲು ಅಂದ್ರೆ ಒಲೆಗೇ."

"ಸರ್‌ಗೆ ಗೊತ್ತಾಯ್ತಾ?"

"ಕಾಫಿ ಕುಡಿಯುವಾಗಲೇ ಖಾಲಿ ಡಬ್ಬಿ ನೋಡಿದ್ರು. ಅವರು ಲೋಟ ಕೆಳಗಿಡ್ಲಿಲ್ಲ ಮಾರಾಯ್ರೆ, ಪೂರ್ತಿ ಕುಡಿದ್ರು. 'ಇಷ್ಟು ಹಳೇ ಇದ್ದಿಲಿನ ಕಾಫಿ ಯಾವ ರಾಜನೂ ಕುಡಿದಿರಲಿಕ್ಕಿಲ್ಲ, ಚೆಲ್ಲಬಾರದು' ಅಂದ್ರು. ಮತ್ತೆ ಸುಮಾರು ಹೊತ್ತು ಮಳೆ ನೋಡ್ತಾ ಕೂತ್ರು." ದೇವದಾಸರು ಕರ್ಚೀಫಿನಿಂದ ಮುಖ ಒರೆಸಿಕೊಂಡರು. "ಅವತ್ತು ನಿಜ ಬರೆದಿದ್ರೆ ನಾನು ಅದೇ ದಿನ ಊರಿಗೆ. ಅದರ ಬದಲು ಇಲ್ಲಿಗೆ ಕರ್ಕೊಂಡು ಬಂದು ಕ್ಯಾಂಟೀನ್ ಕೊಡಿಸಿದ್ರು. ನಾನು ಇವತ್ತು ಉಣ್ಣುವ ಅನ್ನ ಅವರದ್ದು."

ರಂಜಿನಿ ಪೊಟ್ಟಣ ನೋಡಿದಳು. "ಮತ್ತೆ ಇದು?"

"ಮಾರನೇ ದಿನ ಹೇಳಿದ್ರು, 'ದೇವದಾಸ, ಹೋಟೆಲಿನವನಲ್ವಾ ನೀನು? ಪಾರ್ಸೆಲ್ ಕಟ್ಟಲು ಬರುತ್ತಲ್ಲ, ಇನ್ನು ಅಗೆದು ತೆಗೆದ ಕಲ್ಲುಗಳ ಪೊಟ್ಟಣ ಕಟ್ಟುವುದು ನಿನ್ನ ಕೆಲಸ.' ಉಳಿದ ಕಲ್ಲುಗಳನ್ನೆಲ್ಲ ಬುಟ್ಟಿಯಲ್ಲಿ ಹಾಕಿ ತೊಳೀತಿದ್ರು. ಇದ್ದಿಲು ಸಿಕ್ಕಿದ ಆ ಹಳೇ ಒಲೆಯ ಕಲ್ಲು ಮಾತ್ರ ತೊಳೆಯಲಿಕ್ಕೆ ನಾನು ಬಿಡ್ಲಿಲ್ಲ. ಅದರದ್ದು ಒಂದು ಚೂರೂ ಇನ್ನು ಕಳೀಬಾರ್ದು ಅಂತ ಪ್ಲಾಸ್ಟಿಕ್ಕಿಗೆ ಹಾಕಿ, ಮೇಲೆ ಪೇಪರ್ ಸುತ್ತಿ ಕಟ್ಟಿದೆ."

"ಮಣ್ಣು ಸಮೇತನಾ?" ರಂಜಿನಿ ಎದ್ದು ನಿಂತಿದ್ದಳು.

"ಮಣ್ಣು ಸಮೇತ. ತಪ್ಪಾಯ್ತಾ?"

ಅವಳು ಫ್ಯಾನ್ ನಿಲ್ಲಿಸಿದಳು, ಕಿಟಕಿ ಮುಚ್ಚಿದಳು, ಗ್ಲೌಸ್ ಹಾಕಿಕೊಂಡು ಹೊಳೆಯುವ ಫಾಯಿಲ್ ಹಾಳೆಯೊಂದನ್ನು ಹಾಸಿದಳು. ದೇವದಾಸರು ಪೊಟ್ಟಣದ ಮೇಲೆ ಕೈಯಿಟ್ಟರು.

"ಮೊದಲು ಆ ಡೈರಿಯಲ್ಲಿ ಸರ್ ಬರೆದದ್ದು ಹೊಡೆದುಹಾಕಿ ಮೇಡಂ. ನನ್ನ ಹೆಸರು ಬರೆಯಿರಿ. ಅವರು ಅಜಾಗ್ರತೆಯ ಮನುಷ್ಯ ಅಲ್ಲ."

"ಡೈರಿ ಮುಟ್ಟೋ ಹಾಗಿಲ್ಲ ಸರ್. ಆದ್ರೆ ನೀವೇ ಒಂದು ಶೀಟ್ ಬರೆದುಕೊಡಿ, ಅದರ ಜೊತೆಗೇ ಇಡ್ತೀನಿ. ಇನ್ಮೇಲೆ ಡೈರಿ ಓದೋರು ಅದನ್ನೂ ಓದ್ತಾರೆ."

ದೇವದಾಸರು ಬರೆದರು. ನಾಲ್ಕೇ ಸಾಲು, ಆದರೂ ಹತ್ತು ನಿಮಿಷ ಹಿಡಿಯಿತು. ಕೊನೆಗೆ ಸಹಿ, ಸಹಿಯ ಕೆಳಗೆ 'ಅಡುಗೆಯವರು' ಎಂದೂ ಬರೆದರು. ಎದೆಯ ಮೇಲಿಂದ ಯಾರೋ ಅಕ್ಕಿಮೂಟೆ ಇಳಿಸಿದಂತಾಯಿತು.

ಗಂಟು ಬಿಚ್ಚಿದವರೂ ಅವರೇ. ಒಂದು ಎಳೆ ಎಳೆದದ್ದೇ ತಡ, ನಾಲ್ಕೂ ಸುತ್ತು ಸಡಿಲಾಯಿತು. ಅಭ್ಯಾಸಬಲದಿಂದ ನೂಲನ್ನು ಬೆರಳಿಗೆ ಸುತ್ತಿ ಜೇಬಿಗೆ ಹಾಕಿಕೊಳ್ಳಲು ಹೊರಟಾಗ ರಂಜಿನಿ ಕೈ ಚಾಚಿದಳು. "ಅದೂ ಕಲೆಕ್ಷನ್ನಿಗೆ ಸೇರಿದ್ದು ಸರ್," ಎಂದು ಅದನ್ನು ಪುಟ್ಟ ಚೀಲಕ್ಕೆ ಹಾಕಿ ನಂಬರು ಬರೆದಳು.

ಮುಷ್ಟಿಗಾತ್ರದ ಕಲ್ಲಿನ ತಳಕ್ಕೆ ಬೂದು ಮಣ್ಣು ಹಿಡಿದಿತ್ತು. ರಂಜಿನಿ ಚಿಮಟದ ತುದಿಯಿಂದ ಅದನ್ನು ಮೆಲ್ಲಗೆ ಸಡಿಲಿಸಿದಳು. ಮಣ್ಣು ಉದುರಿತು, ಮತ್ತಷ್ಟು ಉದುರಿತು. ಆಮೇಲೆ ಸಾಸಿವೆಯಷ್ಟಿದ್ದ ಕರಿಯ ಕಾಳೊಂದು ಫಾಯಿಲಿನ ಮೇಲೆ ಬಿತ್ತು, ಅದರ ಹಿಂದೆಯೇ ಇನ್ನೆರಡು.

"ಇದ್ದಿಲು," ಎಂದಳು. "ಇಷ್ಟು ಸಾಕು ಸರ್. ಈಗಿನ ಲ್ಯಾಬಿಗೆ ಇಷ್ಟೇ ಸಾಕು."

ದೇವದಾಸರು ಏನೋ ಹೇಳಲು ಹೋಗಿ, ಉಸಿರು ತಾಗೀತೆಂದು ಬಾಯಿ ಮುಚ್ಚಿಕೊಂಡರು. ಫ್ಯಾನ್ ನಿಂತಿತ್ತು, ಕಿಟಕಿ ಮುಚ್ಚಿತ್ತು. ಆದರೂ ಅವರು ಬಗ್ಗಿ ಎರಡೂ ಅಂಗೈಗಳನ್ನು ಆ ಮೂರು ಕಾಳುಗಳ ಸುತ್ತ ಅಡ್ಡ ಹಿಡಿದರು, ಗಾಳಿಯಲ್ಲಿ ಹಚ್ಚಿದ ದೀಪಕ್ಕೆ ಹಿಡಿಯುವ ಹಾಗೆ.